ಗುರುವಾರದಿಂದ ಸೋಮವಾರದೊಳಗೆ

ಗುರುವಾರ, ಸೆಪ್ಟೆಂಬರ್ 5

ಡಯಾಲಿಸಿಸ್ ಇರುವ ಮನೆಯಲ್ಲಿ ಕ್ಯಾಲೆಂಡರ್ ನೋಡುವ ಕ್ರಮವೇ ಬೇರೆ. ಹಬ್ಬ ಯಾವಾಗ, ಮದುವೆ ಯಾವಾಗ ಅನ್ನೋದೆಲ್ಲ ಆಮೇಲೆ. ಮೊದಲು ಸೋಮವಾರ, ಗುರುವಾರ. ನಮ್ಮ ಯಜಮಾನರಿಗೆ ಕಿಡ್ನಿ ಮಾಡಬೇಕಾದ ಕೆಲಸ ಮಷಿನ್ ಮಾಡುತ್ತದೆ, ವಾರಕ್ಕೆ ಎರಡು ಸಲ, ಪ್ರತಿ ಸಲ ನಾಲ್ಕು ಗಂಟೆ. ತಪ್ಪಿಸುವ ಹಾಗಿಲ್ಲ. ಶಿವಮೊಗ್ಗ ಬಿಟ್ಟು ಎಲ್ಲಾದರೂ ಹೆಚ್ಚು ದಿನ ಉಳಿಯಬೇಕು ಅಂದರೆ ಗುರುವಾರ ಸಂಜೆ ನಂತರ ಹೊರಟು ಸೋಮವಾರ ಬೆಳಗಿನೊಳಗೆ ವಾಪಸ್ ಬಂದಿರಬೇಕು.

2024ರಲ್ಲಿ ಹಬ್ಬಗಳು ಸರಿಯಾಗಿ ಈ ಸಂದಿಯಲ್ಲೇ ಬಂದವು. ಶುಕ್ರವಾರ ಗೌರಿ, ಶನಿವಾರ ಗಣೇಶ, ಭಾನುವಾರ ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಇವರ ಕಡೆಯ ಕೊಂಕಣಿಯವರಿಗೆ ಅದು ಮೊಂತಿ ಫೆಸ್ತ್, ಹೊಸ ತೆನೆ ಮನೆಗೆ ತರುವ ಹಬ್ಬ. ಇವರ ಅಕ್ಕ ಕೊಪ್ಪದ ಆಚೆ ತೋಟದ ಮನೆಯಲ್ಲಿದ್ದಾರೆ. ಕಾಯಿಲೆ ಶುರುವಾದ ಮೇಲೆ ನಾವು ಅಲ್ಲಿಗೆ ಹೋಗಿರಲಿಲ್ಲ. "ಈ ಸಲ ಬರದಿದ್ದರೆ ನಾನೇ ತೆನೆ ತಗೊಂಡು ಆಸ್ಪತ್ರೆಗೆ ಬರ್ತೀನಿ" ಅಂತ ಅಕ್ಕ ಫೋನಿನಲ್ಲಿ ಹೆದರಿಸಿದ್ದರು.

ಡಾಕ್ಟರ್ ಹತ್ತಿರ ಕೇಳಿದಾಗ "ಹೋಗಿ ಬನ್ನಿ, ನೀರು ಮಾತ್ರ ಜೋಪಾನ" ಅಂದರು. ವಾರದಲ್ಲಿ ಉದ್ದದ ಅಂತರ ಇದೇ, ಅಪಾಯದ್ದೂ ಇದೇ. ಕಿಡ್ನಿ ಕೆಲಸ ಮಾಡದಿದ್ದರೆ ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ. ಒಂದು ಲೀಟರ್ ಉಳಿದರೆ ತೂಕ ಒಂದು ಕೆ.ಜಿ. ಏರುತ್ತದೆ. ಕಾಲು ಊದುತ್ತದೆ, ಜಾಸ್ತಿಯಾದರೆ ಶ್ವಾಸಕೋಶಕ್ಕೂ ನೀರು ಇಳಿದು ಉಸಿರು ಕಟ್ಟುತ್ತದೆ. ಹಾಗಾಗಿ ಬಟ್ಟೆಗಿಂತ ಮೊದಲು ಬ್ಯಾಗಿಗೆ ಹೋದದ್ದು ತೂಕದ ಮಷಿನ್, ಆಸ್ಪತ್ರೆ ಫೈಲು, ಮಾತ್ರೆ ಡಬ್ಬಿ ಮತ್ತು ನೀರಿನ ಬಾಟಲಿ. ಬಾಟಲಿ ಮೇಲೆ ಇವರೇ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದಿದ್ದಾರೆ. ಲೇತ್ ಕೆಲಸ ಮಾಡಿದ ಕೈ. ಗೆರೆ ಒಂದಿಷ್ಟೂ ಅತ್ತಿತ್ತ ಇಲ್ಲ. ಲೇತ್ ಮಷಿನ್ ಮಾರಿ ಆಯಿತು, ಅಳತೆ ಹುಚ್ಚು ಮಾತ್ರ ಉಳಿದಿದೆ.

ಡಯಾಲಿಸಿಸ್ ಮುಗಿಸಿ ಬರುವಾಗ ಬಿ.ಎಚ್. ರಸ್ತೆಯ ನಮ್ಮ ಚರ್ಚ್, ಪವಿತ್ರ ಹೃದಯ ಪ್ರಧಾನಾಲಯಕ್ಕೆ ಹೋದೆವು. ಹಬ್ಬಕ್ಕೆ ಮೊದಲಿನ ಒಂಬತ್ತು ದಿನದ ಪ್ರಾರ್ಥನೆ, ನೊವೆನಾದ ಏಳನೇ ದಿನ. ಮಕ್ಕಳು ಬುಟ್ಟಿಯಲ್ಲಿ ಹೂವು ಹಿಡಿದು ಸಾಲಾಗಿ ನಿಂತಿದ್ದರು. ಇವರು ಹಿಂದಿನ ಬೆಂಚಿನಲ್ಲಿ ಕೂತವರು ಹಾಗೇ ತೂಕಡಿಸಿದರು. ನಾಲ್ಕು ಗಂಟೆ ಮಷಿನ್‌ಗೆ ರಕ್ತ ಕೊಟ್ಟು ತಗೊಂಡ ಮೇಲೆ ಮೈಯಲ್ಲಿ ತ್ರಾಣ ಇರುವುದಿಲ್ಲ. ಪಕ್ಕದವರು ಎಬ್ಬಿಸಲು ನೋಡಿದರು, ನಾನು ಬೇಡ ಅಂತ ಕೈ ಮಾಡಿದೆ. ದೇವರ ಮುಂದೆ ನಿದ್ದೆ ಮಾಡಿದರೆ ದೇವರಿಗೇನೂ ಬೇಜಾರಿಲ್ಲ ಅಂತ ನನ್ನ ಎಣಿಕೆ.

ಈ ಕಾಯಿಲೆ ಬಂದ ಮೇಲೆ ಬುದ್ಧಿ ಹೇಳುವವರಿಗೆ ಕಮ್ಮಿ ಇಲ್ಲ. "ದೇವರು ಪರೀಕ್ಷೆ ಮಾಡ್ತಿದ್ದಾನೆ" ಅನ್ನುವವರು ಒಂದು ಕಡೆ. ಅದನ್ನು ಹೇಗೋ ನುಂಗಿಕೊಳ್ಳಬಹುದು. ಒಬ್ಬರಂತೂ ಮನೆಗೇ ಬಂದು, ಮಷಿನ್ ಬಿಟ್ಟುಬಿಡಿ, ಪ್ರಾರ್ಥನೆ ಕೂಟಕ್ಕೆ ಬನ್ನಿ, ನಂಬಿಕೆ ಇದ್ದರೆ ಗುಣ ಆಗುತ್ತೆ ಅಂದರು. ಟೀ ಕೊಟ್ಟು ಕಳಿಸಿದೆ. ಸಂತ ಪೌಲರಿಗೆ ಮೈಯಲ್ಲೊಂದು ಮುಳ್ಳು ಇತ್ತು. ತೆಗೆದುಹಾಕು ಅಂತ ಮೂರು ಸಲ ಬೇಡಿಕೊಂಡರು. ತೆಗೆಯಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಅಂತ ಉತ್ತರ ಬಂತು. ಪೌಲರಿಗಿಂತ ನಮಗೆ ನಂಬಿಕೆ ಜಾಸ್ತಿ ಇರಬೇಕಿತ್ತಾ? ನಮ್ಮ ಮನೆಯಲ್ಲಿ ಮಷಿನ್ನೂ ಇರುತ್ತದೆ, ಜಪಸರವೂ ಇರುತ್ತದೆ.

ಶುಕ್ರವಾರ, ಸೆಪ್ಟೆಂಬರ್ 6

ಬೆಳಗ್ಗೆ ಎದ್ದ ಕೂಡಲೇ ಇವರ ಎಡ ಮಣಿಕಟ್ಟು ಮುಟ್ಟಿ ನೋಡುವುದು ನನ್ನ ಮೊದಲ ಕೆಲಸ. ಡಯಾಲಿಸಿಸ್ ಸೂಜಿ ಹಾಕಲು ಅಲ್ಲಿ ಆಪರೇಷನ್ ಮಾಡಿ ಎರಡು ರಕ್ತನಾಳ ಸೇರಿಸಿದ್ದಾರೆ, ಫಿಸ್ಟುಲಾ ಅಂತಾರೆ. ಬೆರಳಿಟ್ಟರೆ ಚರ್ಮದ ಕೆಳಗೆ ಬೆಕ್ಕು ಗುರುಗುಟ್ಟಿದ ಹಾಗೆ ಅದುರುತ್ತದೆ. ಅದುರುತ್ತಿದ್ದರೆ ಸರಿ. ನಿಂತರೆ ಆಸ್ಪತ್ರೆಗೆ ಓಡಬೇಕು. ಆ ಕೈಯಲ್ಲಿ ಭಾರ ಎತ್ತುವ ಹಾಗಿಲ್ಲ, ಬಿ.ಪಿ. ನೋಡಿಸುವ ಹಾಗಿಲ್ಲ, ಅದರ ಮೇಲೆ ಮಲಗುವ ಹಾಗೂ ಇಲ್ಲ. ನಾನು ಬೆರಳಿಟ್ಟುಕೊಂಡೇ "ಪರಲೋಕದಲ್ಲಿರುವ ನಮ್ಮ ತಂದೆಯೇ" ಹೇಳುತ್ತೇನೆ. ಬೇರೆ ಪ್ರಾರ್ಥನೆ ಬೆಳಗ್ಗೆ ನನಗೆ ಬರುವುದಿಲ್ಲ.

ಗಾಜನೂರು ದಾಟುವಾಗ ತುಂಗೆ ದಡ ತುಂಬಿ ಹರಿಯುತ್ತಿದ್ದಳು. ಸಕ್ರೆಬೈಲಿನಲ್ಲಿ ಆನೆ ನೋಡುವವರ ಕಾರುಗಳು ರಸ್ತೆವರೆಗೆ ನಿಂತಿದ್ದವು, ನಾವು ಇಳಿಯಲಿಲ್ಲ. ಮಂಡಗದ್ದೆಯಲ್ಲಿ ಇಳಿದೆವು. ಹೊಳೆ ನಡುವಿನ ಮರಗಳ ತುಂಬಾ ಬೆಳ್ಳಕ್ಕಿ, ನೀರುಕಾಗೆ. ಮಳೆಗಾಲದಲ್ಲಿ ಬಂದು ಗೂಡು ಕಟ್ಟಿ, ಮರಿ ಮಾಡಿ, ಹಾರಿ ಹೋಗುವ ಹಕ್ಕಿಗಳು. ಇವರು ಕಟಾಂಜನ ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ "ಎಲ್ಲಿ ನೋಡಿದ್ರೂ ನೀರು" ಅಂದರು. ಅಷ್ಟೇ. ಬಾಟಲಿ ತೆಗೆದು ಒಂದು ಗುಟುಕು ಕುಡಿದು ಗೆರೆ ನೋಡಿ ಮುಚ್ಚಳ ಹಾಕಿದರು.

ಆರೋಗ್ಯ ಇದ್ದವರಿಗೆ ಇದು ಗೊತ್ತಾಗುವುದಿಲ್ಲ. ಮಲೆನಾಡಿನ ದಾರಿಯಲ್ಲಿ ಹೋಗುತ್ತಿದ್ದೇವೆ, ಬರೆಯಲ್ಲಿ ನೀರು, ಚರಂಡಿಯಲ್ಲಿ ನೀರು, ಗ್ಲಾಸಿನ ಮೇಲೆ ನೀರು. ಒಳಗೆ ಕೂತವರಿಗೆ ದಿನಕ್ಕೆ ಒಂದು ಲೀಟರ್ ಲೆಕ್ಕ, ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ನೀರು ಎಲ್ಲಾ ಸೇರಿ. ತೀರ್ಥಹಳ್ಳಿಯ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಸಾಂಬಾರ್ ಬೇಡ ಅಂದದ್ದಕ್ಕೆ ಸಪ್ಲೈಯರ್ ಹುಡುಗನಿಗೆ ಬೇಸರ. "ಚೆನ್ನಾಗಿಲ್ವಾ ಸರ್?" ಅಂತ ಎರಡು ಸಲ ಕೇಳಿದ. ಇವರು "ತುಂಬಾ ಚೆನ್ನಾಗಿದೆ, ಅದಕ್ಕೇ ಬೇಡ" ಅಂದರು.

ಕುಪ್ಪಳ್ಳಿ ದಾಟಿ ಕೊಪ್ಪದ ಕಡೆ ಏರುವಾಗ ಮಳೆ ಜೋರಾಯಿತು. ಅಕ್ಕನ ಮನೆ ಮುಟ್ಟಿದಾಗ ಮಧ್ಯಾಹ್ನ. ಅಕ್ಕ ತಮ್ಮನ ಮುಖ ನೋಡಿದವರು ಏನೂ ಮಾತಾಡದೆ ಒಳಗೆ ಹೋದರು. ಕಣ್ಣು ಒರೆಸಿಕೊಂಡು ಬಂದರು ಅಂತ ನನಗೆ ಗೊತ್ತಾಯಿತು. ಬರುವಾಗ ಕೈಯಲ್ಲಿ ಬೆಳ್ಳಿ ಒಳಲೆ. ಮಕ್ಕಳಿಗೆ ಹಾಲು ಕುಡಿಸುತ್ತಿದ್ದದ್ದು, ಅದರಲ್ಲಿ ಕಾಫಿ! "ಲೋಟದಲ್ಲಿ ಕೊಟ್ರೆ ನೀನು ಪೂರ್ತಿ ಕುಡೀತೀಯ, ಇದ್ರಲ್ಲಿ ಕುಡಿ ಮಗೂ" ಅಂದರು. ಐವತ್ತು ದಾಟಿದ ಗಂಡಸು ಒಳಲೆಯಲ್ಲಿ ಕಾಫಿ ಕುಡಿಯುವುದನ್ನು ನೋಡಿ ಭಾವ ನಕ್ಕು ನಕ್ಕು ಕೆಮ್ಮಿದರು. ನಕ್ಕಿದ್ದು ಒಳ್ಳೆಯದೇ ಆಯಿತು.

ಸಂಜೆ ಕರೆಂಟ್ ಹೋಯಿತು. ಮೇಣದಬತ್ತಿ ಹಚ್ಚಿ ಎಲ್ಲರೂ ಜಪಸರಕ್ಕೆ ಕೂತೆವು. ಶುಕ್ರವಾರ ದುಃಖದ ರಹಸ್ಯಗಳು, ಅಂದರೆ ಯೇಸುವಿನ ಯಾತನೆಯ ಐದು ಘಟನೆಗಳನ್ನು ನೆನೆಯುವುದು. ಮೊದಲನೆಯದು ಗೆತ್ಸೆಮನಿ ತೋಟದ್ದು. ಅಲ್ಲಿ ಯೇಸು ಶಿಷ್ಯರಿಗೆ ನನ್ನ ಜೊತೆ ಎಚ್ಚರವಾಗಿರಿ ಅಂತ ಕೇಳಿಕೊಳ್ಳುತ್ತಾರೆ. ಅವರು ನಿದ್ದೆ ಹೋಗುತ್ತಾರೆ. ದೇವರ ಮಗನಿಗೂ ಆ ಹೊತ್ತಿನಲ್ಲಿ ಪಕ್ಕದಲ್ಲಿ ನಾಲ್ಕು ಜನ ಬೇಕಿತ್ತು ಅನ್ನೋದು ನನಗೆ ದೊಡ್ಡ ವಿಷಯ.

ಜಪಸರ ಮುಗಿದ ಮೇಲೆ ಅಕ್ಕ ಒಂದು ನೋಟ್‌ಬುಕ್ ತೆಗೆದರು. ಮಕ್ಕಳು ಶಾಲೆಗೆ ಒಯ್ಯುವ ಇನ್ನೂರು ಪುಟದ್ದು, ಮೇಲೆ ಕಂದು ಬೈಂಡು. ಒಳಗೆ ಹೆಸರುಗಳು. ಅಡಿಕೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರದು. ಮದುವೆ ಆಗಿ ವರ್ಷಗಳಾದರೂ ಮಕ್ಕಳಾಗದ ಹುಡುಗಿಯದು. ಪಕ್ಕದ ಮನೆ ಶಾನುಭೋಗರ ಮೊಮ್ಮಗಳ ಪರೀಕ್ಷೆ. ಒಂದು ಕಡೆ "ಗೌರಿ ದನ, ಕೆಚ್ಚಲು ಬಾವು" ಅಂತಲೂ ಇತ್ತು. ದಿನಾ ಒಂದೊಂದೇ ಓದುತ್ತಾರಂತೆ. ವಾಸಿಯಾದವರ ಹೆಸರಿನ ಮುಂದೆ ಟಿಕ್ ಮಾರ್ಕ್. ತೀರಿಕೊಂಡವರದ್ದನ್ನು ಹೊಡೆದುಹಾಕುವುದಿಲ್ಲ, ಮುಂದೆ ಶಿಲುಬೆ ಗುರುತು ಹಾಕಿ ಓದುತ್ತಲೇ ಇರುತ್ತಾರೆ. ಇವರ ಹೆಸರು ಮೊದಲನೇ ಪುಟದಲ್ಲಿತ್ತು. ಬೆರಳು ಒರೆಸಿ ಒರೆಸಿ ಆ ಸಾಲಿನ ಶಾಯಿ ಮಸುಕಾಗಿ, ಮೇಲೆ ಮತ್ತೆ ಬೇರೆ ಪೆನ್ನಿನಲ್ಲಿ ತಿದ್ದಿದ್ದರು. ಕೆಳಗೆ ನನ್ನ ಹೆಸರು. ನನಗೆ ಯಾವ ಕಾಯಿಲೆಯೂ ಇಲ್ಲವಲ್ಲ ಅಕ್ಕ ಅಂದೆ. "ನೋಡ್ಕೊಳ್ಳೋರಿಗೆ ಬೇಡ್ವೇನೇ?" ಅಂದರು.

ಶನಿವಾರ, ಸೆಪ್ಟೆಂಬರ್ 7

ಬೆಳಗ್ಗೆ ಮಳೆ ಹೊಳವಾಗಿತ್ತು. ಭಾವನ ಜೊತೆ ತೋಟಕ್ಕೆ ಇಳಿದೆವು. ಕೆಳಗಿನ ಅಡಿಕೆ ತೋಟ ನೋಡಲು ಸಂಕಟ ಆಗುತ್ತದೆ. ಕೊಪ್ಪ, ಶೃಂಗೇರಿ ಕಡೆ ಹಳದಿ ಎಲೆ ರೋಗ ಎಷ್ಟೋ ವರ್ಷಗಳಿಂದ ಇದೆ. ಸೋಗೆ ತುದಿಯಿಂದ ಹಳದಿ ಆಗುತ್ತಾ ಬಂದು, ಗೊನೆ ಸಣ್ಣದಾಗಿ, ಮರ ಸೊರಗುತ್ತದೆ. ಇದಕ್ಕೆ ಹೊಡೆದು ವಾಸಿ ಮಾಡುವ ಔಷಧಿ ಇಲ್ಲ. ಮೇಲಿನ ತೋಟಕ್ಕೆ ಈಗ ಎಲೆಚುಕ್ಕಿ ಬಂದಿದೆ. ಅದು ಶಿಲೀಂಧ್ರ, ಮಳೆ ಗಾಳಿಯಲ್ಲಿ ಹರಡುತ್ತದೆ. ರೋಗದ ಸೋಗೆ ಕಡಿದು ಸುಡಬೇಕು, ಔಷಧಿ ಹೊಡೆಸಬೇಕು. ಜೊತೆಗೆ ಪ್ರತಿ ಮಳೆಗಾಲದ ಕೊಳೆರೋಗ. ಅದಕ್ಕೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರಿನ ಬೋರ್ಡೋ ದ್ರಾವಣ. ಮರ ಹತ್ತುವವರು ಸಿಕ್ಕಿದ ದಿನ ಮಳೆ, ಮಳೆ ಬಿಟ್ಟ ದಿನ ಜನ ಇಲ್ಲ.

ಭಾವ ಸತ್ತ ಮರಗಳ ನಡುವೆ ಕಾಫಿ ಗಿಡ ಹಾಕಿದ್ದಾರೆ, ಉಳಿದ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ. ಸಾಲ ಇದೆ. ಎಷ್ಟು ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬೆಳಗ್ಗೆ ಆರಕ್ಕೆ ಎದ್ದು ಅಂಗಳದಲ್ಲಿ ನಿಂತು ತೋಟದ ಕಡೆಗೆ ಮುಖ ಮಾಡಿ ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ, ಆಮೇಲೆ ಕತ್ತಿ ತಗೊಂಡು ಇಳಿಯುತ್ತಾರೆ. ಬೇಜಾರಾಗಲ್ವಾ ಭಾವ ಅಂತ ಇವರು ಕೇಳಿದರು. "ಆಗುತ್ತೆ. ಬೇಜಾರು ಅಂತ ಅವನಿಗೇ ಹೇಳಿಬಿಡ್ತೀನಿ. ಅವನ ಹತ್ರ ಬೈಸ್ಕೊಳ್ಳೋದೇನೂ ಇಲ್ವಲ್ಲ" ಅಂದರು ಭಾವ. ದೇವರನ್ನು ಬೈಯುವ ಮಾತು ಬೈಬಲ್ಲಿನ ಕೀರ್ತನೆಗಳಲ್ಲೇ ಬೇಕಾದಷ್ಟಿದೆ. ಹದಿಮೂರನೆಯದು ಶುರುವಾಗುವುದೇ ಇನ್ನೆಷ್ಟು ದಿನ ಅಂತ. ಎಂಬತ್ತೆಂಟನೆಯದು ಕತ್ತಲೆ ಅಂತಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಯಲ್ಲಿ ಇಲ್ಲ. ನನಗೆ ಅದು ಇಷ್ಟ.

ಮಧ್ಯಾಹ್ನ ಶಾನುಭೋಗರ ಮನೆಯಿಂದ ಗಣಪತಿ ಪ್ರಸಾದ ಬಂತು. ಕಡುಬು, ಪಂಚಕಜ್ಜಾಯ. ಬೆಲ್ಲ, ಕಾಯಿ, ಎಳ್ಳು, ಮೂರೂ ಇವರಿಗೆ ಆಗದ್ದೇ, ಅವುಗಳಲ್ಲಿರುವ ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಹೃದಯಕ್ಕೆ ಅಪಾಯ. ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡು ಕಣ್ಣಿಗೆ ಒತ್ತಿಕೊಂಡರು. ಅಕ್ಕ ಬದಲಿಗೆ ನಾಳೆ ಹಬ್ಬದ ಪಾಯಸ ಕಳಿಸುತ್ತೇನೆ ಅಂತ ಹೇಳಿ ಕಳಿಸಿದರು. ಇದು ಇವರ ಮನೆಗಳ ಮಧ್ಯೆ ಮೊದಲಿಂದ ನಡೆದು ಬಂದದ್ದು.

ರಾತ್ರಿ ಹನ್ನೊಂದರ ನಂತರ ಇವರಿಗೆ ಕೆಮ್ಮು ಶುರುವಾಯಿತು. ಎದ್ದು ಕೂತರು. ಮಲಗಿದರೆ ಉಸಿರು ಸಿಗುತ್ತಿಲ್ಲ ಅಂದರು. ನನ್ನ ಎದೆ ಧಸಕ್ ಅಂತು. ನೀರು ಶ್ವಾಸಕೋಶಕ್ಕೆ ಇಳಿಯಿತಾ? ಹತ್ತಿರದ ಡಯಾಲಿಸಿಸ್ ಘಟಕದ ನಂಬರ್ ಫೋನಿನಲ್ಲಿತ್ತು. ಹೊರಗೆ ಮಳೆ, ಘಾಟಿ ರಸ್ತೆ, ರಾತ್ರಿ. ತೂಕದ ಮಷಿನ್ ಮೇಲೆ ನಿಲ್ಲಿಸಿದೆ. ಗುರುವಾರಕ್ಕಿಂತ ಒಂದು ಕೆ.ಜಿ. ನಾನೂರು ಗ್ರಾಂ ಜಾಸ್ತಿ. ಡಾಕ್ಟರ್ ಹೇಳಿದ ಮಿತಿಯ ಒಳಗೇ ಇದೆ. ಕಾಲು ಒತ್ತಿ ನೋಡಿದೆ, ಬಾವು ಇಲ್ಲ. ಆಸ್ಪತ್ರೆಗೆ ಫೋನ್ ಮಾಡಿದೆ. ಡ್ಯೂಟಿಯಲ್ಲಿದ್ದ ಸಿಸ್ಟರ್ ಒಂದೊಂದೇ ಕೇಳಿ, ದಿಂಬು ಒತ್ತಾಗಿಟ್ಟು ಕೂರಿಸಿ, ಅರ್ಧ ಗಂಟೆ ನೋಡಿ, ಜಾಸ್ತಿಯಾದರೆ ತಡ ಮಾಡದೆ ಕರಕೊಂಡು ಹೋಗಿ ಅಂದರು. ಭಾವ ಆಗಲೇ ಜೀಪಿನ ಕೀ ಹಿಡಿದು ಜಗಲಿಯಲ್ಲಿ ನಿಂತಿದ್ದರು.

ಆ ಅರ್ಧ ಗಂಟೆ ನನಗೆ ಪ್ರಾರ್ಥನೆ ಬರಲಿಲ್ಲ. ಬಾಯಿ ಒಣಗಿತ್ತು. "ದೇವರೇ" ಅನ್ನುವುದರ ಮುಂದೆ ಏನು ಹೇಳಬೇಕು ಅಂತಲೇ ತೋಚುತ್ತಿರಲಿಲ್ಲ. ಅಕ್ಕ ಬಂದು ನನ್ನ ಪಕ್ಕ ಮಂಚದ ತುದಿಯಲ್ಲಿ ಕೂತರು. ಸಮಾಧಾನ ಹೇಳಲಿಲ್ಲ. ಕೊಂಕಣಿಯಲ್ಲಿ ಜಪಸರದ ಮರಿಯಮ್ಮನ ಪ್ರಾರ್ಥನೆ ಶುರು ಮಾಡಿದರು. ಏರಿಳಿತ ಇಲ್ಲದ, ಬಟ್ಟೆ ಮಡಿಸುವಾಗ ಹೇಳುವಂಥ ದನಿ. ಒಂದು ಮುಗಿದರೆ ಇನ್ನೊಂದು. ಸ್ವಲ್ಪ ಹೊತ್ತಾದ ಮೇಲೆ ಎರಡನೇ ಅರ್ಧವನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ ಅಂತ ಗಮನಕ್ಕೆ ಬಂತು. ನನ್ನ ಕೈ ನಡುಗುವುದು ನಿಂತಿತ್ತು. ಬಾಯಿಪಾಠದ ಪ್ರಾರ್ಥನೆಗೆ ಬೆಲೆ ಇಲ್ಲ, ಮನಸ್ಸಿನಿಂದ ಬಂದದ್ದೇ ನಿಜವಾದದ್ದು ಅಂತ ಹೇಳುವವರಿದ್ದಾರೆ. ಅವರ ಮನಸ್ಸಿಗೆ ರಾತ್ರಿ ಹನ್ನೊಂದೂವರೆಗೂ ಮಾತು ಸಿಗುತ್ತದೇನೋ, ಪುಣ್ಯವಂತರು. ನನಗೆ ಆಗ ಬೇಕಿದ್ದದ್ದು ಯಾರೋ ಮೊದಲೇ ಮಾಡಿಟ್ಟ ಮಾತು, ಅದನ್ನು ಶುರು ಮಾಡಲು ಇನ್ನೊಬ್ಬರ ಬಾಯಿ.

ಕೆಮ್ಮು ಕಮ್ಮಿಯಾಯಿತು. ಒದ್ದೆ ಸೌದೆ ಹೊಗೆ ಕೋಣೆಗೆ ನುಗ್ಗಿದ್ದು ಕಾರಣ ಇರಬೇಕು, ಬಚ್ಚಲ ಒಲೆ ಆ ಕಡೆ ಗೋಡೆಗೇ ಇದೆ. ಕಿಟಕಿ ತೆಗೆದ ಮೇಲೆ ಇವರು ಕೂತಲ್ಲೇ ನಿದ್ದೆ ಹೋದರು. ಭಾವ ಕೀ ಕಿಸೆಗೆ ಹಾಕಿಕೊಂಡೇ ಮಲಗಿದರು.

ಭಾನುವಾರ, ಸೆಪ್ಟೆಂಬರ್ 8

ತೂಕ ಸರಿ ಇತ್ತು, ಮಣಿಕಟ್ಟು ಅದುರುತ್ತಿತ್ತು, ಉಸಿರು ಸಲೀಸು. ಚರ್ಚಿಗೆ ಹೊರಟೆವು.

ಅಕ್ಕನ ಊರಿನ ಚರ್ಚ್ ಸಣ್ಣದು, ಹೆಂಚಿನದು. ಈ ಕಡೆಯೆಲ್ಲ ಚಿಕ್ಕಮಗಳೂರು ಧರ್ಮಕ್ಷೇತ್ರ, ಅಂದರೆ ಅಲ್ಲಿನ ಬಿಷಪ್ಪರ ಆಡಳಿತಕ್ಕೆ ಸೇರಿದ್ದು. ಶಿವಮೊಗ್ಗ 1988ರಲ್ಲಿ ಅದರಿಂದಲೇ ಬೇರೆಯಾದದ್ದು, ಹಾಗಾಗಿ ಹಳಬರಿಗೆ ಎರಡೂ ಒಂದೇ ಮನೆ. ಹೊರಗೆ ಮಂಟಪದಲ್ಲಿ ಬಾಲ ಮರಿಯಮ್ಮನ ಪುಟ್ಟ ಪ್ರತಿಮೆ. ಮಕ್ಕಳು ಡೇಲಿಯಾ, ಗೊಂಡೆ, ದಾಸವಾಳ, ಕಾಡಿನ ಹೆಸರಿಲ್ಲದ ಹೂವು ಎಲ್ಲಾ ಹರಿದು ತಂದಿದ್ದರು. ಹಾಡಿಗೆ ಸರಿಯಾಗಿ ಎಸೆಯಬೇಕು. ಒಬ್ಬ ಹುಡುಗ ಹಾಡು ಶುರುವಾಗುವ ಮೊದಲೇ ಬುಟ್ಟಿ ಖಾಲಿ ಮಾಡಿ ಬಿದ್ದ ಹೂವನ್ನೇ ಆಯ್ದು ಮತ್ತೆ ಎಸೆಯುತ್ತಿದ್ದ. ತೆನೆಯನ್ನು ಫಾದರ್ ಆಶೀರ್ವದಿಸಿ ಒಳಗೆ ತಂದರು. ಚರ್ಚಿನ ಮುಖ್ಯ ಆರಾಧನೆ, ಬಲಿಪೂಜೆ ಆದ ಮೇಲೆ ಮನೆಗೊಂದು ತೆನೆ, ಮಕ್ಕಳಿಗೆ ಕಬ್ಬು.

ಪೂಜೆಗೆ ಮೊದಲು ಬೆಂಚಿನ ಮೇಲಿದ್ದ ಬೈಬಲ್ ತೆಗೆದು ಮಾರ್ಕನ ಎರಡನೇ ಅಧ್ಯಾಯ ಓದಿಕೊಂಡೆ. ಪಾರ್ಶ್ವವಾಯು ಬಂದವನನ್ನು ನಾಲ್ಕು ಜನ ಹೊತ್ತು ತರುತ್ತಾರೆ. ಜನಸಂದಣಿಯಲ್ಲಿ ಒಳಗೆ ಹೋಗಲು ಆಗುವುದಿಲ್ಲ. ಮಾಡು ಹತ್ತಿ, ತೆಗೆದು, ಹಾಸಿಗೆ ಸಮೇತ ಇಳಿಸುತ್ತಾರೆ. ಯೇಸು ಅವರ ನಂಬಿಕೆ ನೋಡಿ ಅವನೊಡನೆ ಮಾತಾಡಿದರು ಅಂತ ಬರುತ್ತದೆ. ಅವರ ನಂಬಿಕೆ. ಮಲಗಿದ್ದವನು ಆ ಹೊತ್ತಿಗೆ ಏನು ನಂಬಿದ್ದ ಅಂತ ಮಾರ್ಕ ಬರೆಯುವುದೇ ಇಲ್ಲ. ರಾತ್ರಿಯಿಡೀ ಕೀ ಕಿಸೆಯಲ್ಲಿಟ್ಟು ಮಲಗಿದ ಭಾವ ಮುಂದಿನ ಬೆಂಚಿನಲ್ಲಿ ಕೂತು ಆಕಳಿಸುತ್ತಿದ್ದರು.

ಮಧ್ಯಾಹ್ನದ ಊಟ ಬಾಳೆ ಎಲೆಯಲ್ಲಿ, ಪೂರ್ತಿ ಸಸ್ಯಾಹಾರ, ಪಲ್ಯಗಳು ಬೆಸ ಸಂಖ್ಯೆಯಲ್ಲಿ. ಅಕ್ಕ ಇವರ ಪಾಲಿನ ತರಕಾರಿ ಸಣ್ಣಗೆ ಹೆಚ್ಚಿ, ಬಿಸಿನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ, ಮತ್ತೆ ಬೇಯಿಸಿ ಬಸಿದಿದ್ದರು. ಪೊಟ್ಯಾಸಿಯಂ ಹೋಗಲಿ ಅಂತ. ರುಚಿಯೂ ಅದರ ಜೊತೆಗೇ ಹೋಗಿತ್ತು, ಇವರು ಎರಡನೇ ಸಲ ಹಾಕಿಸಿಕೊಂಡರು. ಊಟಕ್ಕೆ ಮೊದಲು ಭಾವ ತೆನೆಯ ಭತ್ತ ಉಗುರಿನಲ್ಲಿ ಸುಲಿದು ಪಾಯಸಕ್ಕೆ ಹಾಕಿ, ದೊಡ್ಡವರಿಂದ ಸಣ್ಣವರವರೆಗೆ ಒಂದೊಂದು ಚಮಚ ಕೊಟ್ಟರು. ಇವರ ಚಮಚದಲ್ಲಿ ಒಂದೇ ಒಂದು ಅಕ್ಕಿಕಾಳು. ಶಾನುಭೋಗರ ಮನೆಗೆ ಡಬ್ಬಿ ಹೋಯಿತು.

ವಾಪಸ್ ಬರುವಾಗ ಎನ್.ಆರ್. ಪುರದ ದಾರಿ ಹಿಡಿದೆವು. ಮೊದಲು ಎಡೇಹಳ್ಳಿ ಅಂತಿದ್ದ ಊರು, 1915ರಲ್ಲಿ ನರಸಿಂಹರಾಜಪುರ ಆಯಿತು. ಕೇರಳದಿಂದ ಬಂದ ಸಿರಿಯನ್ ಕ್ರೈಸ್ತರು ಇಲ್ಲಿ ಬಹಳ. ಅವರಲ್ಲಿ ಕೆಲವು ಸಭೆಯವರಿಗೆ ಸೆಪ್ಟೆಂಬರ್ 1ರಿಂದ 8ರವರೆಗೆ ಎಂಟು ದಿನದ ನೋಂಬು, ಮರಿಯಮ್ಮನ ಹೆಸರಿನಲ್ಲೇ. ನಮ್ಮವರು ಒಂಬತ್ತು ದಿನ ಹೂವು ಹಾಕುವಾಗ ಅವರು ಮೀನು ಮಾಂಸ ಬಿಟ್ಟು ಉಪವಾಸ ಇರುತ್ತಾರೆ. ಅಲ್ಲಿಂದ ಉಂಬ್ಳೆಬೈಲಿನ ಕಾಡು ದಾರಿ. ಕತ್ತಲಾಗುವ ಮೊದಲು ದಾಟಬೇಕು ಅಂತ ಎಲ್ಲೂ ನಿಲ್ಲಿಸಲಿಲ್ಲ.

ಸೋಮವಾರ, ಸೆಪ್ಟೆಂಬರ್ 9

ಟೆಕ್ನೀಷಿಯನ್ ತೂಕ ನೋಡಿ, "ಹಬ್ಬ ಮಾಡಿ ಬಂದ್ರೂ ಎರಡು ಕೆ.ಜಿ. ಒಳಗೇ ಇದೀರಲ್ಲ ಸರ್!" ಅಂದ. ಇವರು ಒಳಲೆ ಕಥೆ ಹೇಳಿದರು. ಇಡೀ ವಾರ್ಡ್ ನಕ್ಕಿತು. ಪಕ್ಕದ ಬೆಡ್ಡಿನಲ್ಲಿ ಭದ್ರಾವತಿ ಕಡೆಯ ಸಾಬರೊಬ್ಬರ ಮಗ, ಇನ್ನೂ ಚಿಕ್ಕ ಹುಡುಗ, ಹೊಸದಾಗಿ ಬಂದವನು. ಮೊದಲ ಸಲ ಸೂಜಿ ಹಾಕುವಾಗ ಮುಖ ಆ ಕಡೆ ತಿರುಗಿಸಿದ್ದ. ಅವನ ತಾಯಿ ನನ್ನ ಹತ್ತಿರ ಬಂದು ಮೆಲ್ಲಗೆ, "ನೀವು ಮಣಿ ಎಣಿಸ್ತಾ ಇರ್ತೀರಲ್ಲಮ್ಮ, ನಮ್ಮ ಹುಡುಗನ ಹೆಸ್ರೂ ಹೇಳಿ. ನಾನೂ ದುವಾದಲ್ಲಿ ನಿಮ್ಮೋರನ್ನ ಸೇರಿಸ್ಕೋತೀನಿ" ಅಂದರು. ಅಕ್ಕನಿಗೆ ಫೋನ್ ಮಾಡಿ ಹೆಸರು ಬರೆಸಿದೆ. ಅಕ್ಕ ಎರಡು ಸಲ ಅಕ್ಷರ ಕೇಳಿ ಬರೆದುಕೊಂಡರು.

ಮುಂದಿನ ಸಲ ಎಲ್ಲಿಗೆ ಅಂತ ಮಷಿನ್ ಮೇಲಿದ್ದಾಗಲೇ ಮಾತು ಶುರುವಾಯಿತು. ಹರಿಹರದ ಆರೋಗ್ಯ ಮಾತೆಯ ಬಸಿಲಿಕಾ ಚರ್ಚಿಗೆ ಹೋಗೋಣ, ಬೆಳಗ್ಗೆ ಹೋಗಿ ಸಂಜೆ ಬರಬಹುದು ಅಂತ ನಾನು. ಜೋಗಕ್ಕೆ ಅಂತ ಇವರು, ಮಳೆ ಮುಗಿಯುವುದರೊಳಗೆ ನೋಡಬೇಕಂತೆ. ಅಷ್ಟು ನೀರು ನೋಡಿದರೆ ಬಾಯಾರಿಕೆ ಆಗಲ್ವಾ ಅಂದೆ. "ನೋಡೋದಕ್ಕೆ ಗೆರೆ ಹಾಕಿಲ್ವಲ್ಲ" ಅಂದರು. ಇನ್ನೂ ತೀರ್ಮಾನ ಆಗಿಲ್ಲ.